ಮಂಚದ ಬದಲು ಬಂದ ಮಿಲಿಟ್ರಿ ಲಾರಿ

ನನ್ನ ಗಂಡ ಆ ಭಾನುವಾರ ಕಾರ್ಕಳಕ್ಕೆ ಹೋದದ್ದು ಹೊಸ ಮಂಚಕ್ಕೆ ಹಲಗೆ ತರಲು. ಅತ್ತೆಯ ಮಂಚಕ್ಕೆ ಗೆದ್ದಲು ಹಿಡಿದು ಒಂದು ಕಾಲು ಟೊಳ್ಳಾಗಿತ್ತು. ಕಾರ್ಕಳದಲ್ಲಿ ಪರಿಚಯದವರ ಮರದ ಮಿಲ್ಲು ಇತ್ತು, ಒಳ್ಳೆಯ ಹಲಸಿನ ಹಲಗೆ ಸಿಗುತ್ತದೆ ಎಂದು ಬೆಳಗ್ಗೆಯೇ ಬಸ್ಸು ಹತ್ತಿದರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಮಣಿಪಾಲದಲ್ಲಿ ಬ್ಯಾಂಕಿನ ಕೆಲಸ, ನನಗೆ ಉಡುಪಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ.

ಮಧ್ಯಾಹ್ನ ಊಟಕ್ಕೆ ಬಾಳೆಲೆ ಹಾಕುವ ಹೊತ್ತಿಗೆ ಗೇಟಿನ ಹೊರಗೆ ಭಾರಿ ಸದ್ದು. ಮರ ಸಾಗಿಸುವ ಲಾರಿಯೊಂದು ಸರಪಳಿ ಕಟ್ಟಿ ಇನ್ನೊಂದು ಲಾರಿಯನ್ನು ಎಳೆದು ತರುತ್ತಿತ್ತು. ಎಳೆಸಿಕೊಂಡು ಬರುತ್ತಿದ್ದ ಲಾರಿಯ ಸ್ಟಿಯರಿಂಗ್ ಹಿಡಿದು ಕೂತವರು ನನ್ನ ಗಂಡ. ಮುಖದ ತುಂಬ ಮರದ ಹುಡಿ, ಅದರ ನಡುವೆ ನಗು.

ಅತ್ತೆ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು.

"ಮಂಚ ಎಲ್ಲಿ?"

"ಅಮ್ಮಾ, ಇದು ಯುದ್ಧಕ್ಕೆ ಹೋಗಿ ಬಂದ ಲಾರಿ!"

"ಹೋಗಿ ಬಂದದ್ದು ನೋಡಿದರೆ ಗೊತ್ತಾಗ್ತದೆ. ಮಂಚ ಎಲ್ಲಿ?"

ಮನೆಯಲ್ಲಿ ನಮ್ಮ ಮಾತು ತುಳು. ಅತ್ತೆಯ ತುಳುವಿನ ಖಾರ ಕನ್ನಡಕ್ಕೆ ಪೂರ್ತಿ ಬರುವುದಿಲ್ಲ, ಆದರೂ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಹಡಗಿನಲ್ಲಿ ಬಂದು, ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ ಹರಾಜಿನಲ್ಲಿ ಮಾರಾಟವಾದ ಲಾರಿಗಳ ಪೈಕಿ ಅದೂ ಒಂದು. ಮಿಲ್ಲಿನವರು ಅದರಲ್ಲಿ ಎಷ್ಟೋ ವರ್ಷ ಘಟ್ಟದಿಂದ ಮರ ಇಳಿಸಿದ್ದರಂತೆ. ಆಮೇಲೆ ಅದು ಮಿಲ್ಲಿನ ಹಿಂದೆ ಹುಡಿಯ ರಾಶಿಯಲ್ಲಿ ಅರ್ಧ ಹೂತು, ಕೋಳಿಗಳಿಗೆ ಮನೆಯಾಗಿತ್ತು. ಹಲಗೆ ಆರಿಸಲು ಹೋದ ನನ್ನ ಗಂಡ ಅದರ ಮೂತಿ ನೋಡಿ ಅಲ್ಲೇ ನಿಂತುಬಿಟ್ಟರು. ಮೂತಿ ಚಪ್ಪಟೆ. ಎದುರಿನ ಗಾಜು ಬೇರೆ ಲಾರಿಗಳಂತೆ ಹಿಂದಕ್ಕೆ ವಾಲುವ ಬದಲು ಮುಂದಕ್ಕೆ ಬಾಗಿತ್ತು, ಕನ್ನಡಕದ ಮೇಲಿನಿಂದ ನೋಡುವ ಹೆಡ್ ಮಾಸ್ತರರ ಹಾಗೆ. ಮೇಲಿನಿಂದ ವಿಮಾನದವರಿಗೆ ಬಿಸಿಲಿನ ಮಿಂಚು ಕಾಣಬಾರದೆಂದು ಹಾಗೆ ಮಾಡುತ್ತಿದ್ದರು ಎಂದು ಅವರು ನನಗೆ ವಿವರಿಸಿದರು. ಜಾಗ ಖಾಲಿಯಾಗುತ್ತದೆ ಎಂದು ಮಿಲ್ಲಿನವರಿಗೂ ಸಂತೋಷವೇ ಆಗಿತ್ತು. ಹಲಗೆಯ ನೆನಪು ಮಾತ್ರ ಯಾರಿಗೂ ಆಗಲಿಲ್ಲ.

ಅತ್ತೆ ಆ ರಾತ್ರಿಯಿಂದ ಚಾಪೆಯ ಮೇಲೆ ಮಲಗಿದರು. ಮಂಚ ಮುಂದಿನ ತಿಂಗಳು ಬಂತು. ಆದರೆ "ನಾನು ನೆಲದಲ್ಲಿ ಮಲಗಿದವಳು" ಎನ್ನುವ ಮಾತು ಬಹಳ ಕಾಲ ಮನೆಯಲ್ಲಿ ಉಳಿಯಿತು.

ಲಾರಿಯನ್ನು ಹಿತ್ತಿಲಿನ ತೆಂಗಿನ ಮರಗಳ ನಡುವೆ ನಿಲ್ಲಿಸಿದೆವು. ಮೇಲೆ ತೆಂಗಿನ ಗರಿ ಹೆಣೆದ ಮಡಲಿನ ಚಪ್ಪರ ಹಾಕಿದೆವು. ಅಲ್ಲಿಂದ ನಮ್ಮ ಭಾನುವಾರಗಳು ಅದರ ಪಾಲಾದವು. ತುಕ್ಕು ಹಿಡಿದ ಬೋಲ್ಟುಗಳಿಗೆ ಚಿಮಿಣಿ ಎಣ್ಣೆ ಬಿಟ್ಟು, ವಾರವಿಡೀ ಕಾದು, ಮತ್ತೆ ತಿರುಗಿಸಿ ನೋಡುವುದು. ಬಾರದಿದ್ದರೆ ಮತ್ತೆ ಎಣ್ಣೆ. ಎಂಜಿನಿನ ಕೆಲಸಕ್ಕೆ ಪೇಟೆಯ ಗ್ಯಾರೇಜಿನವರು ಬರುತ್ತಿದ್ದರು. ಸಿಗದ ಭಾಗಗಳನ್ನು ದೋಣಿ ಎಂಜಿನ್ ರಿಪೇರಿ ಮಾಡುವ ಮಲ್ಪೆಯ ಅಂಗಡಿಯ ಲೇತಿನಲ್ಲಿ ಕಡೆಸಿ ತರುತ್ತಿದ್ದರು.

ಮೊದಮೊದಲು ನಾನು ಚಹಾ ಕೊಟ್ಟು ಒಳಗೆ ಬರುತ್ತಿದ್ದೆ. ಒಂದು ದಿನ ಸುಮ್ಮನೆ ಬಾಗಿಲಿನ ಬಣ್ಣವನ್ನು ಚಾಕುವಿನಿಂದ ಕೆರೆದೆ. ಮೇಲಿನ ಕೆಂಪು ಹೋಯಿತು, ಅಡಿಯಲ್ಲಿ ನೀಲಿ ಬಂತು. ನೀಲಿಯನ್ನು ಕೆರೆದರೆ ಮಾಸಿದ ಹಸಿರು. ಆ ಹಸಿರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕೆಯೊಂದರ ಬಾಲ ಕಂಡಿತು. ಅದು ಏಳೋ ಒಂಬತ್ತೋ ಎಂದು ತಿಳಿಯದೆ ನನಗೆ ಊಟ ಸೇರಲಿಲ್ಲ. ಕತ್ತಲಾಗುವವರೆಗೆ ಕೆರೆದೆ. ಒಂಬತ್ತು. ಮರುದಿನ ಶಾಲೆಯಲ್ಲಿ ಮಕ್ಕಳು ನನ್ನ ಉಗುರು ನೋಡಿ ಮುಸಿಮುಸಿ ನಕ್ಕರು. ನಾನೂ ಆ ಹುಚ್ಚಿಗೆ ಸೇರಿದ್ದು ಹಾಗೆ.

ಸೇರಿದ ಮೇಲೆ ಜಗಳವೂ ಶುರುವಾಯಿತು. ನನ್ನ ಗಂಡನಿಗೆ ಲಾರಿ ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕು. ನನಗೆ ಸೀರೆ ಉಟ್ಟುಕೊಂಡು ಹತ್ತಲು ಒಂದು ಮೆಟ್ಟಿಲು ಬೇಕು. ಬಾಗಿಲು ಇದ್ದದ್ದು ನನ್ನ ಎದೆಯ ಎತ್ತರದಲ್ಲಿ.

"ಮೆಟ್ಟಿಲು ಮೊದಲು ಇರಲಿಲ್ಲ," ಎಂದರು ಅವರು.

"ಮೊದಲು ಸೀರೆ ಉಟ್ಟವರು ಹತ್ತುತ್ತಿರಲಿಲ್ಲ."

"ಒಂದು ಮೆಟ್ಟಿಲು ಹಾಕಿದರೆ ಆಮೇಲೆ ಇನ್ನೊಂದು ಕೇಳ್ತಿ. ಮತ್ತೆ ಪರದೆ ಬೇಕು ಅಂತಿ. ಆಗ ಅದು ಮಿಲಿಟ್ರಿ ಲಾರಿ ಅಲ್ಲ, ಮದುವೆ ದಿಬ್ಬಣದ ಬಸ್ಸು."

ನಾನು ಅಡಿಗೆಮನೆಯ ಸ್ಟೂಲು ಇಟ್ಟುಕೊಂಡು ಹತ್ತಿದೆ. ಕೂತರೆ ಸೀಟು ಬರೀ ಕಬ್ಬಿಣದ ಪೆಟ್ಟಿಗೆ, ಮೇಲೆ ತೆಳ್ಳಗಿನ ದಿಂಬು. ಅದೂ ಮೊದಲು ಹಾಗೆಯೇ ಇತ್ತಂತೆ!

ಎಂಜಿನ್ ಹೊತ್ತಿಕೊಂಡ ದಿನ ತೆಂಗಿನಕಾಯಿ ಕೊಯ್ಯುವವರು ಮರದ ತುದಿಯಲ್ಲಿದ್ದರು. ನನ್ನ ಗಂಡ ಎದುರಿನಿಂದ ಹ್ಯಾಂಡಲ್ ತಿರುಗಿಸಿದರು, ಗ್ಯಾರೇಜಿನವರು ಒಳಗೆ ಕೂತು ಆಕ್ಸಿಲರೇಟರ್ ಒತ್ತಿದರು. ಎಷ್ಟೋ ಸಲ ಕೆಮ್ಮಿ ಸುಮ್ಮನಾದ ಎಂಜಿನ್ ಒಮ್ಮೆಲೇ ಗುಡುಗಿತು. ಸೈಲೆನ್ಸರಿನೊಳಗೆ ವರ್ಷಗಟ್ಟಲೆ ಕೂಡಿದ್ದ ಮಸಿ, ಮರದ ಹುಡಿ, ಕೋಳಿಯ ಪುಕ್ಕ ಎಲ್ಲ ಮೋಡದಂತೆ ಹೊರಗೆ ಬಿತ್ತು. ಹೊಗೆ ನೇರ ಮೇಲಕ್ಕೇರಿತು.

"ಅಯ್ಯೋ, ಎಂತ ಮಾಡ್ತೀರಿ ಮಾರಾಯ್ರೇ! ನಾನು ಇಲ್ಲಿ ಇದ್ದೇನೆ!" ಎಂದು ಮೇಲಿನಿಂದ ಕೂಗು.

ಅತ್ತೆ ಒಣಹಾಕಿದ್ದ ಹಪ್ಪಳಗಳ ಮೇಲೆ ಕಪ್ಪು ಹುಡಿ ಕೂತಿತು. ನಾವು ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆವು. ಅತ್ತೆ ಒಂದು ಹಪ್ಪಳ ಎತ್ತಿ ಊದಿ, "ಈ ಸ್ವರ ಅಷ್ಟು ದೂರದ ಪೆರ್ಡೂರಿಗೂ ಕೇಳಿರಬಹುದು" ಎಂದರು. ಅವರ ತುಟಿಯ ಮೂಲೆಯಲ್ಲಿ ಸಣ್ಣ ನಗು ಇತ್ತು.

ಪೆರ್ಡೂರಿಗೆ ನಿಜವಾಗಿಯೂ ಸುದ್ದಿ ಹೋಯಿತು, ಬಸ್ಸಿನ ಕಂಡಕ್ಟರರ ಮೂಲಕ. ಕೆಲವು ವಾರಗಳ ನಂತರ ಅಲ್ಲಿಂದ ಒಬ್ಬರು ಕೊಡೆ ಊರಿಕೊಂಡು ಬಂದರು. ಅರುವತ್ತರ ಆಸುಪಾಸು, ನೆಟ್ಟಗಿನ ಬೆನ್ನು, ದಪ್ಪ ಮೀಸೆ. ಯುದ್ಧದ ಕಾಲದಲ್ಲಿ ಬರ್ಮಾ ಕಡೆ ಇಂಥದೇ ಲಾರಿ ಓಡಿಸಿದವರಂತೆ. ಒಮ್ಮೆ ನೋಡಬಹುದೋ ಎಂದು ಕೇಳಿದರು.

ನನ್ನ ಗಂಡನ ಸಂಭ್ರಮ ಹೇಳತೀರದು. ಅಷ್ಟು ಹೊತ್ತಿಗೆ ಲಾರಿಗೆ ಹೊಸ ಹಸಿರು ಬಣ್ಣ ಬಿದ್ದಿತ್ತು, ಬಾಗಿಲಿಗೆ ಬಿಳಿ ಅಂಕೆಗಳನ್ನು ನಾನೇ ಅಳತೆ ಹಿಡಿದು ಬರೆದಿದ್ದೆ. ಒಂದು ಗೀರು ಇರಲಿಲ್ಲ. ಗಂಡ ಚಪ್ಪರದ ಪಕ್ಕದಲ್ಲಿ ಉಸಿರು ಹಿಡಿದು ನಿಂತರು. ಬಂದವರ ಕಣ್ಣು ತುಂಬಿ ಬರಬಹುದು, ಏನು ಹೇಳಿ ಸಮಾಧಾನ ಮಾಡುವುದು ಎಂದು ನಾನು ಯೋಚಿಸುತ್ತಿದ್ದೆ.

ಅವರು ಒಂದು ಸುತ್ತು ಬಂದರು. ಕೊಡೆಯ ತುದಿಯಿಂದ ಟೈರು ಕುಟ್ಟಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಇದೆಂತ, ಮದುಮಗನಾ? ಎಣ್ಣೆಸ್ನಾನ ಮಾಡಿಸಿ ನಿಲ್ಲಿಸಿದ್ದೀರಿ! ನಮ್ಮ ಗಾಡಿ ಒಂದು ದಿನವೂ ಹೀಗೆ ಇರಲಿಲ್ಲ ಮಾರಾಯ್ರೇ."

"ಮತ್ತೆ ಹೇಗಿತ್ತು?" ಗಂಡನ ಸ್ವರ ಸಣ್ಣಗಾಗಿತ್ತು.

"ಹೇಗೆಂತ ಹೇಳುವುದು? ಈ ಬದಿಯಲ್ಲಿ ನೀರಿನ ಡಬ್ಬ ಕಟ್ಟಿದ್ದೆವು. ಇಲ್ಲಿ ಚಹದ ಕಿಟ್ಲಿ. ಈ ಸೀಟಿನಲ್ಲಿ ಮನುಷ್ಯ ಕೂತುಕೊಳ್ಳಲಿಕ್ಕುಂಟಾ? ಮುರಿದು ಬಿದ್ದ ಕಾರಿನ ಸೀಟು ಕಿತ್ತು ತಂದು ಹಾಕಿದೆವು. ಗುಂಡಿನ ಖಾಲಿ ಪೆಟ್ಟಿಗೆಯನ್ನು ಕೆಳಗೆ ಬಿಗಿದು ಮೆಟ್ಟಿಲು ಮಾಡಿದೆವು. ಒಂದು ಕೋಳಿಯೂ ಇತ್ತು ನಮ್ಮಲ್ಲಿ, ಹಿಂದಿನ ಕಂಬಕ್ಕೆ ಕಟ್ಟಿ—"

"ಮೆಟ್ಟಿಲಾ?" ಎಂದೆ ನಾನು.

"ಹೌದಮ್ಮ. ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುವುದು? ಮೊಣಕಾಲು ಎಂತ ಆಗಬೇಕು?"

ನಾನು ಗಂಡನ ಮುಖ ನೋಡಿದೆ. ಅವರು ಲಾರಿಯ ಮುಖ ನೋಡುತ್ತಿದ್ದರು. ಪೆಚ್ಚಾದರೇನೋ ಎಂದುಕೊಂಡೆ. ಆದರೆ ಅವರಿಗೆ ಒಳಗೊಳಗೇ ಏನೋ ಬಿಡುಗಡೆ ಸಿಕ್ಕಿದಂತಿತ್ತು. "ಇನ್ನೂ ಎಂತೆಂತ ಇತ್ತು?" ಎಂದು ಬಂದವರ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು. ಗೋಳಿಬಜೆಯ ತಟ್ಟೆ ಅಲ್ಲಿಗೇ ಹೋಯಿತು. ಬ್ರೇಕಿನ ಪಕ್ಕದಲ್ಲಿ ಎಲೆಯಡಿಕೆಯ ಡಬ್ಬಿಯೊಂದು ಇತ್ತು ಎಂದದ್ದು ಕಿವಿಗೆ ಬಿದ್ದು ಅತ್ತೆಯೂ ಒಳಗಿನಿಂದ ಬಂದರು.

ಮುಂದಿನ ಭಾನುವಾರ ನನಗೆ ಮೆಟ್ಟಿಲು ಬಂತು. ಅದರ ಮುಂದಿನ ಭಾನುವಾರ ಹಳೆಯ ಕಾರಿನ ಸೀಟು. ಸರಕು ತುಂಬುವ ಹಿಂದಿನ ತೊಟ್ಟಿಯ ಎರಡೂ ಬದಿಗೆ ಹಲಗೆಯ ಬೆಂಚು. ಎಲೆಯಡಿಕೆಯ ಡಬ್ಬಿಗೆ ಜಾಗವನ್ನು ಅತ್ತೆಯೇ ತೋರಿಸಿದರು. ಅಲ್ಲಿಂದ ಆ ಲಾರಿಯಲ್ಲಿ ನಮ್ಮ ಮೂವರ ಇಷ್ಟಗಳೂ ಸೇರತೊಡಗಿದವು. ಪರದೆಯನ್ನು ಮಾತ್ರ ನಾನು ಕೇಳಲಿಲ್ಲ.

ಓಡಿಸುವುದು ಬೇರೆಯೇ ಪಾಡು. ಆ ಗೇರುಗಳು ಸುಲಭಕ್ಕೆ ಬೀಳುತ್ತಿರಲಿಲ್ಲ. ಒಮ್ಮೆ ಕ್ಲಚ್ಚು ಒತ್ತಿ ಗೇರು ಬಿಡಿಸಬೇಕು, ಕ್ಲಚ್ಚು ಬಿಡಬೇಕು, ಎಂಜಿನಿನ ವೇಗ ಹೊಂದಿಸಿ ಮತ್ತೆ ಕ್ಲಚ್ಚು ಒತ್ತಿ ಮುಂದಿನ ಗೇರು ಹಾಕಬೇಕು. ಗಂಡನಿಗೆ ಅದರ ಶಾಸ್ತ್ರವೆಲ್ಲ ಗೊತ್ತಿತ್ತು. ಹಾಕುವಾಗ ಮಾತ್ರ ಕಲ್ಲು ಅರೆದ ಸದ್ದು ಬರುತ್ತಿತ್ತು. ಪೆರ್ಡೂರಿನವರೂ ಮೊದಲ ದಿನ ಖುಷಿಯಲ್ಲಿ ಹತ್ತಿ, ರಿವರ್ಸ್ ಯಾವ ಕಡೆ ಎನ್ನುವುದನ್ನು ಮರೆತು, ತೆಂಗಿನ ಬುಡಕ್ಕೆ ಹಿಂಬದಿಯನ್ನು ತಾಗಿಸಿದರು. "ನಮ್ಮದರಲ್ಲಿ ಆಚೆ ಬದಿ ಇತ್ತು," ಎಂದು ವಾದಿಸಿದರು. ನನ್ನನ್ನು ಕೂರಿಸಿದ್ದೂ ಅವರೇ. "ಅಮ್ಮ ಒಮ್ಮೆ ನೋಡಲಿ."

ಚಿಕ್ಕಂದಿನಲ್ಲಿ ನನಗೆ ಸಂಗೀತದ ಪಾಠ ಆಗಿತ್ತು. ಆಕ್ಸಿಲರೇಟರ್ ಬಿಟ್ಟಾಗ ಎಂಜಿನಿನ ಸ್ವರ ಇಳಿಯುತ್ತ ಬರುತ್ತದೆ. ಒಂದು ಕಡೆ ಬಂದಾಗ ಅದು ಗೇರಿನ ಹಲ್ಲುಚಕ್ರಗಳ ಸ್ವರಕ್ಕೆ ಕೂಡುತ್ತದೆ. ಶ್ರುತಿ ಸೇರಿದ ಹಾಗೆ. ಆ ಗಳಿಗೆಯಲ್ಲಿ ತಳ್ಳಿದರೆ ಗೇರು ಬೆಣ್ಣೆಯಲ್ಲಿ ಚಮಚ ಹೋದಂತೆ ಹೋಗುತ್ತಿತ್ತು. ಹಿತ್ತಿಲಿನಿಂದ ಗೇಟಿನವರೆಗೆ ಹೋಗಿ ಬಂದೆ, ಒಂದು ಸಲವೂ ಅರೆಯಲಿಲ್ಲ. ಗಂಡ ನನ್ನನ್ನು ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚು ಕಾಲು ಪಾಲು, ಹೆಮ್ಮೆ ಮುಕ್ಕಾಲು ಪಾಲು ಇತ್ತು. ಮುಂದೆ ಲೈಸನ್ಸಿಗೆ ಹೋದಾಗ ಪರೀಕ್ಷೆ ಮಾಡುವವರು ಲಾರಿಯ ಸುತ್ತ ಡ್ರೈವರನ್ನು ಹುಡುಕಿದರು. ನಾನು ಮೆಟ್ಟಿಲಿಳಿದು ನಮಸ್ಕಾರ ಮಾಡಿದೆ.

ಮೊದಲ ದೊಡ್ಡ ಪ್ರಯಾಣ ಕಾಪುವಿಗೆ. ಅಕ್ಕಪಕ್ಕದ ಮನೆಯವರೆಲ್ಲ ಬೆಂಚುಗಳ ಮೇಲೆ, ಅತ್ತೆ ಮುಂದಿನ ಕಾರಿನ ಸೀಟಿನಲ್ಲಿ, ನಾನು ಸ್ಟಿಯರಿಂಗಿನಲ್ಲಿ. ಗಂಡ ಹಿಂದೆ ನಿಂತು ದಾರಿಯಲ್ಲಿ ಕಂಡವರಿಗೆಲ್ಲ ಕೈ ಬೀಸುತ್ತಿದ್ದರು. ಕಟಪಾಡಿಯಲ್ಲಿ ಒಬ್ಬರು ಹೋಟೆಲಿನಿಂದ ಹೊರಗೆ ಓಡಿ ಬಂದು, "ಎಂತ, ಯುದ್ಧ ಶುರುವಾಯಿತಾ?" ಎಂದು ಕೇಳಿದರು. "ಇಲ್ಲ, ಸಮುದ್ರ ನೋಡ್ಲಿಕ್ಕೆ ಹೋಗ್ತಿದ್ದೇವೆ," ಎಂದರು ಅತ್ತೆ, ಗಂಭೀರವಾಗಿ.

ದೀಪಸ್ತಂಭದ ಬುಡದಲ್ಲಿ ಅವಲಕ್ಕಿ ತಿಂದು ವಾಪಸು ಹೊರಟಾಗ ರಸ್ತೆಯ ಬದಿಯಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಇಟ್ಟುಕೊಂಡು ನಿಂತಿದ್ದರು. ಬಸ್ಸು ತುಂಬಿ ಬಂದು ಅವರನ್ನು ಬಿಟ್ಟು ಹೋಗಿತ್ತು. "ಅಕ್ಕಾ, ಉಡುಪಿಗಾ? ನಮ್ಮನ್ನೂ ಬಿಡ್ತೀರಾ? ಮೀನು ಹಾಳಾಗ್ತದೆ," ಎಂದು ಒಬ್ಬಾಕೆ ಕೇಳಿದಳು.

ನಾನು ಅತ್ತೆಯ ಕಡೆ ನೋಡಿದೆ. ನಮ್ಮದು ಈರುಳ್ಳಿಗೂ ಯೋಚನೆ ಮಾಡುವ ಮನೆ. ಅತ್ತೆ ಎಲೆಯಡಿಕೆ ಡಬ್ಬಿ ಮುಚ್ಚಿ, ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, "ಅವರು ಹಿಂದೆ ಅಲ್ವಾ ಕೂರುವುದು? ಹತ್ತಲಿ," ಎಂದರು.

ದಾರಿಯುದ್ದಕ್ಕೂ ಹಿಂದೆ ನಗುವೋ ನಗು. ಆಮೇಲೆ ನಮ್ಮ ಬೀದಿಯ ದಾರಿಯಾಗಿ ಹೋಗುವಾಗೆಲ್ಲ ಆ ಹೆಂಗಸು ಗೇಟಿನ ಹೊರಗೇ ನಿಂತು ಅತ್ತೆಯ ಕ್ಷೇಮ ವಿಚಾರಿಸಿ ಹೋಗುತ್ತಿದ್ದಳು. ಲಾರಿಯ ತೊಟ್ಟಿಯ ವಾಸನೆ ಮಳೆಗಾಲ ಮುಗಿಯುವವರೆಗೂ ಹೋಗಲಿಲ್ಲ.

ಎಂಬತ್ತರ ದಶಕದ ನಡುವೆ ನನ್ನ ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಅತ್ತೆಯೂ ನಮ್ಮೊಂದಿಗೆ ಬಂದರು. ಲಾರಿಯನ್ನು ಎಲ್ಲಿ ಬಿಡುವುದು ಎಂಬ ಮಾತು ಬಂದಾಗ ನಾವು ಹೆಚ್ಚು ಯೋಚಿಸಬೇಕಾಗಲಿಲ್ಲ. ಪೆರ್ಡೂರಿಗೆ ನಾನೇ ಓಡಿಸಿಕೊಂಡು ಹೋದೆ. ಮಾಜಿ ಸೈನಿಕರು ಗೇಟಿನಲ್ಲೇ ಕಾಯುತ್ತಿದ್ದರು. "ಚಿಂತೆ ಬೇಡ, ಚೆನ್ನಾಗಿ ನೋಡಿಕೊಳ್ತೇನೆ," ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಗಂಡ ಊರು ಮರೆಯಾಗುವವರೆಗೂ ಕಿಟಕಿಯಿಂದ ಹಿಂದಕ್ಕೆ ನೋಡುತ್ತಿದ್ದರು.

ಮರು ವರ್ಷ ರಜೆಯಲ್ಲಿ ಬಂದಾಗ ಮೊದಲು ಹೋದದ್ದು ಪೆರ್ಡೂರಿಗೆ. ಗದ್ದೆಯ ತಿರುವಿನಲ್ಲಿ ದೂರದಿಂದಲೇ ಏನೋ ಹೊಳೆಯಿತು. ಹತ್ತಿರ ಹೋದರೆ ನಮ್ಮ ಲಾರಿ. ಮೂತಿ, ಬಾಗಿಲು, ಮೆಟ್ಟಿಲು ಎಲ್ಲ ಅಚ್ಚ ಅರಸಿನದ ಬಣ್ಣ. ಮಾಜಿ ಸೈನಿಕರು ಏಣಿಯ ಮೇಲೆ ನಿಂತು ಲಾರಿಯ ಚಾವಣಿಗೆ ಬಣ್ಣ ಹೊಡೆಯುತ್ತಿದ್ದರು.

"ಬನ್ನಿ ಬನ್ನಿ!" ಎಂದರು, ಸ್ವಲ್ಪವೂ ಅಳುಕಿಲ್ಲದೆ. "ಯುದ್ಧ ಮುಗಿಯುವವರೆಗೂ ಆ ಹಸಿರನ್ನೇ ನೋಡಿದ್ದೇನೆ. ಬಟ್ಟೆ ಹಸಿರು, ಡೇರೆ ಹಸಿರು, ಕಾಡೂ ಹಸಿರು. ಸಾಕು ಅನ್ನಿಸಿತು. ಇದು ಚಂದ ಕಾಣ್ತದೆ, ಅಲ್ವಾ?"

ಅತ್ತೆ ನಗು ತಡೆಯಲಾಗದೆ ಜಗಲಿಯ ಮೇಲೆ ಕೂತರು. ಗಂಡ ಬಾಗಿಲಿನ ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. ಬೆರಳು ಹಳದಿಯಾಯಿತು. ಆಮೇಲೆ ಶರ್ಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಈ ಬದಿಗೆ ಇನ್ನೊಂದು ಕೋಟು ಬೇಕು. ಬೇರೆ ಬ್ರಷ್ ಉಂಟಾ?"

ಒಳಗಿನಿಂದ ಪತ್ರೊಡೆ ಆರುತ್ತಿದೆ ಎಂದು ಮನೆಯವರು ಕರೆಯುತ್ತಲೇ ಇದ್ದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ನಾನೂ ಅತ್ತೆಯೂ ಹೋಗಿ ತಿಂದೆವು.