ಭಾವ ಕೇಳಿದ ಪ್ರಶ್ನೆ

ತನುಶ್ರೀ ನ್ಯೂಜಿಲೆಂಡಿನ ಈಸ್ಟ್ ತಮಾಕಿಯ ಕಂಪನಿಯೊಂದರಲ್ಲಿ ರೇಡಿಯೋ ಎಂಜಿನಿಯರ್. ಓದಲೆಂದು ಧಾರವಾಡದಿಂದ ಬಂದವಳು ಈಗ ಅಲ್ಲಿಯ ಪ್ರಜೆ. ಕಂಪನಿಗೆ ನೌಕಾಪಡೆಯ ಹಡಗುಗಳ ಕೆಲಸ ಸಿಕ್ಕಿತು. ಅದನ್ನು ಮುಟ್ಟಬೇಕಾದರೆ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕು. ಅಂದರೆ ತನ್ನ, ತನ್ನವರ ಬದುಕನ್ನೆಲ್ಲ ಸರ್ಕಾರದ ಮುಂದೆ ಬಿಚ್ಚಿಡಬೇಕು.

ಅವಳಿಗೆ ದಿಗಿಲು ಹತ್ತಿದ್ದು ಅಲ್ಲೇ. ಅಕ್ಕ ಅಪೂರ್ವ ಡಾಕ್ಟರಿಕೆ ಓದಲು ರಷ್ಯಾಕ್ಕೆ ಹೋದವಳು ಒಲೆಗ್ ಎಂಬಾತನನ್ನು ಮದುವೆಯಾಗಿ ಅಲ್ಲೇ ನಿಂತಿದ್ದಳು. ಒಲೆಗ್ ಮೊದಲು ಅಲ್ಲಿಯ ನೌಕಾಪಡೆಯಲ್ಲಿದ್ದ. ಈಗ ಹಡಗು ಕಟ್ಟುವ ಕಾರ್ಖಾನೆಯಲ್ಲಿದ್ದಾನೆ.

“ಅಕ್ಕ ಡಾಕ್ಟರ್ ಅಂತ ಅಷ್ಟ ಹೇಳು. ಭಾವಂದು ಯಾಕ ಎತ್ತತೀ?” ಅಂದ ಗಂಡ ಮಯೂರ್.

“ಅವರಿಗೆ ಗೊತ್ತಾದ್ರ?”



ವಿಚಾರಣೆಗೆ ಬಂದ ಅಧಿಕಾರಿ ವಯಸ್ಸಾದ ಹೆಂಗಸು. ಮೆತ್ತಗೆ ಮಾತಾಡುತ್ತಿದ್ದರು.

“ಬೇರೆ ದೇಶದ ಪೌರತ್ವ ಇದೆಯೇ?”

“ಇಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಒಸಿಐ ಕಾರ್ಡ್ ಇದೆ. ವೀಸಾ ಇಲ್ಲದೆ ಊರಿಗೆ ಹೋಗಬಹುದು, ಮತ ಹಾಕುವಂತಿಲ್ಲ.”

“ಅಕ್ಕನ ಗಂಡ?”

“ಎಂಜಿನಿಯರ್.”

“ಎಲ್ಲಿ?”

ಇಲ್ಲಿ ಮುಚ್ಚಿಟ್ಟರೆ, ನಾಳೆ ಅದು ಗೊತ್ತಿದ್ದವರು ಯಾರು ಬೇಕಾದರೂ ತನ್ನನ್ನು ಬೆದರಿಸಬಹುದು ಎಂದು ಅವಳಿಗೆ ಹೊಳೆಯಿತು. ಎಲ್ಲವನ್ನೂ ಹೇಳಿಬಿಟ್ಟಳು.

“ಯಾರಾದರೂ ನಿಮ್ಮ ಅಕ್ಕನನ್ನು ಹಿಡಿದಿಟ್ಟು, ಇಲ್ಲಿಯ ಗುಟ್ಟು ಕೊಡು ಅಂದರೆ ಏನು ಮಾಡುತ್ತೀರಿ?”

ತನುಶ್ರೀ ಅತ್ತುಬಿಟ್ಟಳು. “ಹೆದರುತ್ತೇನೆ. ಹೆದರಿ ನಿಮಗೇ ಫೋನ್ ಮಾಡುತ್ತೇನೆ.”

ತಿಂಗಳುಗಟ್ಟಲೆ ಸುದ್ದಿಯಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುತ್ತಿದ್ದಳು. ಕೊನೆಗೆ ಕ್ಲಿಯರೆನ್ಸ್ ಸಿಕ್ಕಿತು. ಕೆಲಸದ ಬಗ್ಗೆ ಹೊರದೇಶದವರು ಯಾರೇ ಕೇಳಿದರೂ ತಕ್ಷಣ ಕಂಪನಿಯ ಭದ್ರತಾ ಅಧಿಕಾರಿಗೆ ತಿಳಿಸಬೇಕೆಂದು ಹೇಳಿದರು. ಮನೆಯವರೂ ಸೇರಿ.

ಮುಂದಿನ ಭಾನುವಾರ ಅಪೂರ್ವ ವಿಡಿಯೋ ಕಾಲ್ ಮಾಡಿದಳು. ಮಕ್ಕಳ ಮಾತು, ಚಳಿಯ ಮಾತು ಮುಗಿದ ಮೇಲೆ ಅವಳ ಹಿಂದೆ ಒಲೆಗ್ ಬಂದು ನಿಂತು ಏನೋ ಅಂದ.

“ತನೂ, ನೀ ಯಾವ ಹಡಗಿಂದು ಕೆಲಸ ಮಾಡ್ತೀ ಅಂತ ಕೇಳಾಕತ್ತಾನ.”

ತನುಶ್ರೀ ತಿರುಗಿ ಕೇಳಿದಳು, “ಹಡಗು ಅಂತ ಯಾರು ಹೇಳಿದ್ರು?”

“ಅವ್ವ ಹೇಳಿದ್ಲು. ಯಾಕ?”

“ಅಕ್ಕಾ, ನನ್ನ ಕೆಲಸದ ಬಗ್ಗೆ ಇನ್ನ ಕೇಳಬ್ಯಾಡ್ರಿ.”

“ನಮ್ಮನ್ನ ಏನಂತ ತಿಳಕೊಂಡಿ ನೀ?” ಅಪೂರ್ವ ಫೋನ್ ಇಟ್ಟುಬಿಟ್ಟಳು.

ಸ್ವಂತ ಅಕ್ಕನ ಮೇಲೆ ದೂರು ಕೊಟ್ಟಂತೆ ಆಗುತ್ತದೆಂದು ಸಂಕಟಪಡುತ್ತಲೇ ತನುಶ್ರೀ ಮರುದಿನ ವಿಷಯ ತಿಳಿಸಿದಳು. ಕಂಪನಿಯ ಭದ್ರತಾ ಅಧಿಕಾರಿ ಬರೆದುಕೊಂಡು, “ಮನೆಮಾತೇ ಇರಬಹುದು. ಹೇಳಿದ್ದು ಒಳ್ಳೆಯದಾಯಿತು,” ಎಂದರು.

ಕೆಲಸ ಉಳಿಯಿತು. ಕೆಲವು ವಾರಗಳಾದ ಮೇಲೆ ಅಪೂರ್ವಳೂ ಮತ್ತೆ ಫೋನ್ ಮಾಡತೊಡಗಿದಳು. ಮಕ್ಕಳ ಬಗ್ಗೆ ಮಾತ್ರ ಮಾತಾಡುತ್ತಾಳೆ. ಒಲೆಗ್ ಪರದೆಯ ಮೇಲೆ ಬರುವುದಿಲ್ಲ. ಅವನು ಸುಮ್ಮನೆ ಕೇಳಿದನೋ, ಯಾರಾದರೂ ಅವನಿಂದ ಕೇಳಿಸಿದರೋ, ತನುಶ್ರೀಗೆ ಇವತ್ತಿಗೂ ಗೊತ್ತಿಲ್ಲ.