ಸೊನ್ನೆಗೆ ಇಳಿದ ಮುಳ್ಳು

ಸಂಡೂರಿನ ಗಣಿಯೊಂದರಲ್ಲಿ ವೈರ್‌ಲೆಸ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಗುಡ್ಡದ ಮೇಲಿನ ಕೋಣೆಯಿಂದ ಒಂದು ಕೇಬಲ್ ಕಂಬದ ತುದಿಯ ಆಂಟೆನಾಗೆ ಹೋಗುತ್ತಿತ್ತು. ಸೆಟ್ಟಿನ ಪಕ್ಕದ ಮೀಟರಿನಲ್ಲಿ ಎರಡು ಮುಳ್ಳು. ಒಂದು ಮೇಲಕ್ಕೆ ಹೋಗುವ ಅಲೆಯ ಬಲ ತೋರಿಸುತ್ತದೆ, ಇನ್ನೊಂದು ಆಂಟೆನಾ ಒಲ್ಲೆನೆಂದು ವಾಪಸ್ ಕಳಿಸಿದ್ದನ್ನು. ವಾಪಸಿನ ಮುಳ್ಳು ಯಾವಾಗಲೂ ಸ್ವಲ್ಪ ಎದ್ದೇ ಇರುತ್ತಿತ್ತು. ಅದು ಸಹಜ. ಮ್ಯಾನೇಜರನಿಗೆ ಮಾತ್ರ ಅದು ಕಣ್ಣಲ್ಲಿ ಕಸ.

"ಏನ್ರೀ, ಬಡಿಸಿದ್ದನ್ನ ನಿಮ್ಮ ಆಂಟೆನಾ ವಾಪಸ್ ಕಳಸ್ತೈತಲ್ಲ?" ಎಂದು ಬಂದಾಗಲೆಲ್ಲ ಚುಚ್ಚುತ್ತಿದ್ದ.

ಆಯುಧಪೂಜೆಗೆ ಗಣಿಯಲ್ಲಿ ಎಲ್ಲವನ್ನೂ ತೊಳೆಯಲೇಬೇಕು. ಕೆಂಪು ಧೂಳು ಹೋಗದೆ ಕುಂಕುಮ ಹಚ್ಚುವಂತಿಲ್ಲ. ಟಿಪ್ಪರ್ ತೊಳೆದ ಪೈಪಿನಿಂದಲೇ ಆಂಟೆನಾಗೂ ನೀರು ಹೊಡೆದರು. ಬೇಡವೆಂದೆ. ದೇವರ ಕೆಲಸಕ್ಕೆ ಅಡ್ಡ ಬರಬೇಡ ಎಂದರು. ಕೇಬಲ್ಲಿನ ಜೋಡಣೆಯೊಳಗೆ ನೀರಿಳಿಯಿತು.

ಕೆಲವೇ ದಿನಗಳಲ್ಲಿ ವಾಪಸಿನ ಮುಳ್ಳು ಸೊನ್ನೆಗೆ ಬಂತು. ಮ್ಯಾನೇಜರ್ ಮೀಟರಿಗೇ ಕೈಮುಗಿದ. "ಪೂಜಿ ಫಲ ನೋಡ್ರಿ!"

"ಸರ್, ಕೇಬಲ್ಲೇ ಎಲ್ಲಾ ನುಂಗಾಕತ್ತೈತಿ. ಹೋಗೋ ಅಲಿ ದಾರ್ಯಾಗ ಸಾಯ್ತೈತಿ, ಉಳಿದಿದ್ದು ತಿರುಗಿ ಬರೂವಾಗ ಸಾಯ್ತೈತಿ. ಅದಕ್ಕ ಸೊನ್ನಿ. ಗಾಡ್ಯಾಗಿನವರಿಗೆ ನಮ್ಮ ಮಾತು ಮುಟ್ಟಂಗಿಲ್ರಿ."

"ಎದ್ರ ಸಹಜ ಅಂತೀರಿ, ಬಿದ್ರ ಕೆಟ್ಟೈತಿ ಅಂತೀರಿ. ಸುಮ್ನ ಕುಂದ್ರಿ."

ಅದೇ ವಾರ, ಅಲ್ಲೇ ಡ್ರೈವರನಾಗಿದ್ದ ನನ್ನ ಅಣ್ಣ ಅದಿರು ತುಂಬಿದ ಟಿಪ್ಪರನ್ನು ಗುಡ್ಡದಿಂದ ಇಳಿಸುತ್ತಿದ್ದ. ಕೆಳಗಿನಿಂದ ಖಾಲಿ ಗಾಡಿ ಹೊರಟಿದೆಯೆಂದು ಗೇಟಿನವರು ಫೋನ್ ಮಾಡಿದರು. ಪಕ್ಕಕ್ಕೆ ನಿಲ್ಲಿಸು ಎಂದು ವೈರ್‌ಲೆಸ್‌ನಲ್ಲಿ ಅಣ್ಣನಿಗೆ ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಇಳಿಜಾರಿನಲ್ಲಿ ಡ್ರೈವರುಗಳು ಉತ್ತರ ಕೊಡುವ ಪದ್ಧತಿಯೇ ಇರಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು. ಹಾಗಾಗಿ ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಕಿರಿದಾದ ತಿರುವಿನಲ್ಲಿ ಎರಡೂ ಗಾಡಿ ಎದುರುಬದುರಾಗಿ ಗುದ್ದಿಕೊಂಡವು. ಅಣ್ಣನ ಬಲಗಾಲು ಹೋಯಿತು.

ವಿಚಾರಣೆಗೆ ಬಂದವರನ್ನು ಮ್ಯಾನೇಜರ್ ನೇರ ಮೀಟರಿನ ಮುಂದೆ ನಿಲ್ಲಿಸಿದ. ವಾಪಸ್ ಸೊನ್ನೆ, ಯಂತ್ರದಲ್ಲಿ ತಪ್ಪಿಲ್ಲ, ಡ್ರೈವರನದೇ ಅಜಾಗರೂಕತೆ ಎಂದು ತೀರ್ಮಾನವಾಯಿತು. ಕೇಬಲ್ ಬಿಚ್ಚಿ ನೋಡಿ ಎಂದು ಬೇಡಿಕೊಂಡೆ. ಗಾಯಾಳುವಿನ ತಮ್ಮನ ಮಾತು ಯಾರಿಗೆ ಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆ ಕೆಲಸಕ್ಕೆ ಉಗಿದು ಬಂದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ.

ಅಣ್ಣ ಈಗ ಕಂಪ್ಲಿಯ ಮನೆಯಲ್ಲಿದ್ದಾನೆ. ಮೊದಮೊದಲು ಎಲ್ಲರನ್ನೂ ಬೈಯುತ್ತಿದ್ದ, ತಟ್ಟೆ ಎಸೆಯುತ್ತಿದ್ದ. ಮೊನ್ನೆ ಹೋದಾಗ ಅತ್ತಿಗೆ ಚಹಾ ಕೊಡುತ್ತ ಹೇಳಿದಳು, "ಈಗ ನಿಮ್ಮಣ್ಣ ಭಾಳ ಸಮಾಧಾನ ಆಗ್ಯಾರ. ಏನಂದ್ರೂ ತಿರುಗಿ ಒಂದ್ ಮಾತಿಲ್ಲ."

ನನಗೆ ಸೊನ್ನೆಗೆ ಇಳಿದ ಆ ವಾಪಸಿನ ಮುಳ್ಳು ನೆನಪಾಯಿತು. ಚಹಾ ಬಿಟ್ಟು ಅವನ ಪಕ್ಕ ಹೋಗಿ ಕುಳಿತೆ.

"ಅಣ್ಣಾ, ಬೈಯಿ. ನನಗಾದ್ರೂ ಬೈಯಿ."

ಅವನು ಸುಮ್ಮನೆ ತಲೆಯಾಡಿಸಿದ.