ಗಳಿಗೆ ಮುರಿಯದ ಸೀರೆ

ವೀರಪ್ಪ ಹೋದ ಸೋಮವಾರ ಗಜೇಂದ್ರಗಡದ ತನ್ನ ಮನೆಯಲ್ಲಿ ತೀರಿಕೊಂಡ. ಊರಿಗೆ ಅವನು ಸೀರೆ ನೇಯುವವನು. ನಾಟಕಗಳಲ್ಲಿ ತಾಯಿ ಪಾತ್ರ ಮಾಡುತ್ತಿದ್ದನೆಂಬುದು ಊರಲ್ಲಿ ನಾಲ್ಕು ಗೆಳೆಯರಿಗಷ್ಟೇ ಗೊತ್ತು.

ಬೇಕೆಂದು ಆ ದಾರಿ ಹಿಡಿದವನಲ್ಲ. ರಾಜೂರಿನ ನಾಟಕಕ್ಕೆ ಸೀರೆ ಮುಟ್ಟಿಸಲು ಹೋಗಿದ್ದ. ತಾಯಿ ಪಾತ್ರದವಳು ಬಂದಿರಲಿಲ್ಲ. ನಾಟಕದ ಮಾಸ್ತರ ಗುರುಸಂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, 'ನೇಯಾಕ ಬರಾಂವಗ ಉಡಾಕ ಬರೂದಿಲ್ಲೇನು?' ಎಂದ. ಮಗನ ಹೆಣದ ಮುಂದೆ ಕೂತು ಅತ್ತರೆ ಸಾಕೆಂದು ಧೈರ್ಯವನ್ನೂ ಕೊಟ್ಟ. ವೀರಪ್ಪ ಕೂತ. ಹೆತ್ತವ್ವ ಸತ್ತಾಗ ಬಾರದ ಅಳು ಅಂದು ಬಂತು.

ಆಮೇಲೆ ಊರೂರಿನವರು ಕರೆದರು. ಅಂಥ ಸುಖ ಅವನಿಗೆ ಮಗ್ಗದಲ್ಲಿ ಎಂದೂ ಸಿಕ್ಕಿರಲಿಲ್ಲ. ಆದರೂ ಮನೆಯಲ್ಲಿ ಸೀರೆ ಮಾರಲು ಹೋಗುತ್ತೇನೆ ಎನ್ನುತ್ತಿದ್ದ. ಮಗಳು ನೀಲಾಳನ್ನು ಹೊಳೆಆಲೂರಿಗೆ ಕೊಟ್ಟ ಮೇಲಂತೂ ಬೇರೆ ಹೆಸರಲ್ಲಿ ಪಾತ್ರ ಮಾಡಿದ. ಸೀರೆ ಉಡುವವನ ಮಗಳೆಂದು ಬೀಗರು ಆಡಿಕೊಂಡಾರೆಂಬ ಅಂಜಿಕೆ.

ಹೊಸ ಸೀರೆಯನ್ನು ಮೊದಲ ಸಲ ಉಡುವುದಕ್ಕೆ ಗಳಿಗೆ ಮುರಿಯುವುದು ಎನ್ನುತ್ತಾರೆ. ಅದನ್ನು ಒಳ್ಳೆಯ ಕೈಗುಣದವರಿಂದ ಮುರಿಸುವುದುಂಟು. ಮುಶಿಗೇರಿಯ ಹೆಂಗಸರು ತಮ್ಮ ಸೀರೆಗಳನ್ನು ಬಣ್ಣದ ಕೋಣೆಗೆ ಕಳಿಸತೊಡಗಿದರು. ಆ ತಾಯಿ ಉಟ್ಟು ಕೊಟ್ಟರೆ ತವರಿಂದ ಬಂದಂತೆ ಎಂದರು. ಬೇರೆ ಊರಿನವರೂ ಅದನ್ನೇ ಹಿಡಿದರು.

ಹೊಳೆಆಲೂರಿನ ನಾಟಕಕ್ಕೂ ಒಂದು ಸೀರೆ ಬಂತು. ಅಂಚು ನೋಡಿದ್ದೇ ವೀರಪ್ಪನ ಕೈ ನಿಂತಿತು. ಬಸುರಿ ನೀಲಾಳ ಸೀಮಂತಕ್ಕೆ, ಕುಬಸಕ್ಕೆಂದು ತಾನೇ ನೇಯ್ದು ಕಳಿಸಿದ್ದು. ಈಗ ಕಳಿಸಿದವಳು ಅವಳ ಅತ್ತೆ ಸಕ್ರವ್ವ; ಒಳಗಿರುವವನು ಬೀಗನೆಂದು ಅವಳಿಗೆ ತಿಳಿಯದು. ಉಟ್ಟವರ ಕೈಯಿಂದಲೇ ಸೀರೆ ತಿರುಗಿ ತೆಗೆದುಕೊಳ್ಳುವುದು ರೂಢಿ. ಗುರುತು ಸಿಕ್ಕೀತೆಂದು ಅವಳ ಎದುರು ನಿಲ್ಲಲಾರದೆ, ಇದನ್ನು ಮುಟ್ಟುವುದಿಲ್ಲ ಎಂದು ಹೇಳಿಕಳಿಸಿದ. ಅಪಶಕುನವೆಂದು ಸೀರೆ ಪೆಟ್ಟಿಗೆ ಸೇರಿತು. ನೀಲಾ ಉಟ್ಟು ಹಳೆಯದಾದ ಸೀರೆಯಲ್ಲೇ ಕುಬಸಕ್ಕೆ ಕೂತಳು. ಎದುರಿಗಿದ್ದ ವೀರಪ್ಪ ಉಣ್ಣದೆ ಎದ್ದ.

ಎಷ್ಟೋ ವರ್ಷಗಳ ಮೇಲೆ, ಅವನು ತೀರಿಕೊಂಡ ಆ ಸೋಮವಾರ ಮುಂಜಾನೆ, ನೀಲಾ ಅತ್ತೆಯನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಆ ಸೀರೆ.

'ಅಪ್ಪಾ, ಆವತ್ತು ನಮ್ಮೂರ ನಾಟಕದಾಗ ನಿನ್ನ ಅಳು ಕೇಳೇ ಗುರ್ತ ಹಿಡದಿದ್ದೆ. ನನಗೂ ನಾಚಿಕಿ ಆತು, ಸುಮ್ಮನಿದ್ದೆ. ಈಗ ಅತ್ತಿಯವರಿಗೆ ಎಲ್ಲಾ ಹೇಳೀನಿ.'

ಹಾಸಿಗೆಯಲ್ಲಿದ್ದ ವೀರಪ್ಪ ಗೋಡೆಗೆ ಮುಖ ಮಾಡಿದ.

ಸಕ್ರವ್ವ ಹೊಸ್ತಿಲಲ್ಲೇ ನಿಂತು, 'ಬೀಗರ, ನಿಮ್ಮ ನಾಟಕ ನೋಡಿ ಉಣಲಾರದ ಮಲಗಿದಾಕಿ ನಾನು. ಇಷ್ಟ ವರ್ಷ ಇದು ಪೆಟಗ್ಯಾಗ ಕೂತೈತಿ. ಈಗರ ಗಳಿಗಿ ಮುರದ ಕೊಡ್ರಿ' ಎಂದಳು.

ವೀರಪ್ಪ ಈಚೆ ತಿರುಗಿದ. ಆಮೇಲೆ ನೀಲಾಳ ಹೆಗಲು ಹಿಡಿದು ಎದ್ದು ಕೂತ. ಇಬ್ಬರ ಮುಖವನ್ನೂ ನೋಡದೆ ಸೀರೆ ಬಿಚ್ಚಿದ, ಕೂತಲ್ಲೇ ನಿರಿಗೆ ಹಿಡಿಯತೊಡಗಿದ.